ರೋಮ್ ಗ್ರೀಸನ್ನು ಗೆದ್ದಿತು, ಗ್ರೀಸ್ ರೋಮನ್ನು ಗೆದ್ದಿತು: ಈ ಮಾತು ಎಷ್ಟು ನಿಜ?

ತುಂಗೆಯ ದಡ:
ವಿಶ್ವ ಇತಿಹಾಸದ ಯಾವ ಪುಸ್ತಕ ತೆರೆದರೂ ರೋಮ್ ಅಧ್ಯಾಯದಲ್ಲಿ ಈ ಸಾಲು ಇದ್ದೇ ಇರುತ್ತದೆ: ಸೋತ ಗ್ರೀಸ್ ತನ್ನನ್ನು ಗೆದ್ದ ಒರಟನನ್ನೇ ಸೆರೆಹಿಡಿಯಿತು, ಹಳ್ಳಿಗಾಡಿನ ಲ್ಯಾಟಿಯಂಗೆ (ರೋಮಿನ ಸೀಮೆಗೆ) ಕಲೆಗಳನ್ನು ತಂದಿತು. ಕವಿ ಹೊರೇಸ್‌ನ ಮಾತು. ಕೇಳಲು ಸೊಗಸಾಗಿದೆ, ಆದರೆ ಕೆದಕಿದಷ್ಟೂ ಅನುಮಾನ ಹೆಚ್ಚುತ್ತಿದೆ. ರೋಮನ್ನರು ಗ್ರೀಸಿನ ಕೊರಿಂಥ್ ನಗರವನ್ನು ಸುಟ್ಟದ್ದು ಕ್ರಿ.ಪೂ. 146ರಲ್ಲಿ. ಅದಕ್ಕೆ ಮೊದಲು ರೋಮನ್ನರಿಗೆ ಗ್ರೀಕರ ಗಂಧಗಾಳಿ ಇರಲಿಲ್ಲವೇ? ಗೆದ್ದವರು ಸೋತವರ ದೇವರು, ನಾಟಕ, ತತ್ತ್ವಶಾಸ್ತ್ರಗಳನ್ನೆಲ್ಲ ಕಣ್ಣು ಮುಚ್ಚಿಕೊಂಡು ಒಪ್ಪಿಕೊಂಡರೇ? ಗ್ರೀಕರನ್ನು ಬಿಟ್ಟು ಬೇರೆಯವರಿಂದ ಏನನ್ನೂ ಪಡೆಯಲಿಲ್ಲವೇ? ಬಲ್ಲವರು ಬಿಡಿಸಿ ಹೇಳಿ. ಪರೀಕ್ಷೆಗೆ ಬೇಕಾದ ಐದು ಅಂಕದ ಉತ್ತರ ನನ್ನ ಬಳಿಯೇ ಇದೆ, ಅದು ಬೇಡ.

ಬಂದರು ಗುಮಾಸ್ತ:
ಒಳ್ಳೆಯ ಪ್ರಶ್ನೆ. ಹೊರೇಸ್‌ನ ಸಾಲಿನ ತೊಂದರೆ ಏನೆಂದರೆ, ಅದರಲ್ಲಿ ಮೊದಲು ಯುದ್ಧ, ಆಮೇಲೆ ಸಂಸ್ಕೃತಿ. ನಡೆದದ್ದು ಹಾಗಲ್ಲ.

ಕ್ರಿ.ಪೂ. ಎಂಟನೆಯ ಶತಮಾನದ ಹೊತ್ತಿಗೇ ಯೂಬಿಯಾ ದ್ವೀಪದ ಗ್ರೀಕರು ನೇಪಲ್ಸ್ ಕೊಲ್ಲಿಯ ಇಸ್ಕಿಯಾ ದ್ವೀಪದಲ್ಲಿ ನೆಲೆ ಹಾಕಿದ್ದರು. ಆಮೇಲೆ ಎದುರಿನ ದಡದ ಕ್ಯೂಮೆ. ಅವರು ಬಳಸುತ್ತಿದ್ದ ಅಕ್ಷರಗಳನ್ನು ಎಟ್ರಸ್ಕನ್ನರು ತೆಗೆದುಕೊಂಡರು, ಎಟ್ರಸ್ಕನ್ನರಿಂದ ರೋಮನ್ನರು. ಎಟ್ರಸ್ಕನ್ ಭಾಷೆಯಲ್ಲಿ 'ಕ' ಮತ್ತು 'ಗ' ಧ್ವನಿಗಳ ನಡುವೆ ವ್ಯತ್ಯಾಸವಿರಲಿಲ್ಲ. ಹೀಗಾಗಿ ಲ್ಯಾಟಿನ್ನಿನಲ್ಲಿ ಬಹುಕಾಲ ಎರಡಕ್ಕೂ ಒಂದೇ ಅಕ್ಷರ. 'ಗ'ಕ್ಕೆ ಬೇರೆ ಅಕ್ಷರ ಬಂದ ಮೇಲೂ ಗಾಯಸ್ ಎಂಬ ಹೆಸರನ್ನು ಶಾಸನಗಳಲ್ಲಿ ಸಂಕ್ಷೇಪವಾಗಿ ಬರೆಯುವಾಗ 'ಸಿ' ಅಕ್ಷರವನ್ನೇ ಕೆತ್ತುತ್ತಿದ್ದರು. ಅಂದರೆ ಗಾಯಸ್ ಜೂಲಿಯಸ್ ಸೀಸರ್‌ನ ಹೆಸರಿನ ಮೊದಲಕ್ಷರದಲ್ಲೇ ಗ್ರೀಕ್ ವಲಸಿಗರೂ ಎಟ್ರಸ್ಕನ್ ನೆರೆಯವರೂ ಇದ್ದಾರೆ. ಇದಕ್ಕೆ ಯಾವ ಯುದ್ಧವೂ ಬೇಕಾಗಿರಲಿಲ್ಲ.

ಇಟಲಿಯ ದಕ್ಷಿಣ ಕರಾವಳಿಯ ಉದ್ದಕ್ಕೂ ಗ್ರೀಕ್ ನಗರಗಳಿದ್ದವು. ನೇಪಲ್ಸ್ ಕ್ರಿ.ಪೂ. 326ರಲ್ಲೇ ರೋಮಿನ ಮಿತ್ರನಾಯಿತು. ಟಾರೆಂಟಮ್ ಹಾಗೆ ಸುಲಭಕ್ಕೆ ಬಗ್ಗಲಿಲ್ಲ. ಕ್ರಿ.ಪೂ. 282ರಲ್ಲಿ ಪೋಸ್ಟುಮಿಯಸ್ ಎಂಬ ರೋಮನ್ ರಾಯಭಾರಿ ಅಲ್ಲಿಗೆ ಹೋಗಿ ತುಂಬಿದ ಸಭೆಯಲ್ಲಿ ಗ್ರೀಕಿನಲ್ಲೇ ಮಾತನಾಡಿದ. ವ್ಯಾಕರಣ ತಪ್ಪಿದಾಗಲೆಲ್ಲ ಜನ ಗೊಳ್ಳೆಂದು ನಕ್ಕರು. ಹೊರಗೆ ಬರುವಾಗ ಒಬ್ಬ ಕುಡುಕ ಅವನ ಟೋಗಾದ (ರೋಮನ್ನರ ಹೊದೆವಸ್ತ್ರ) ಮೇಲೆ ಹೊಲಸು ಮಾಡಿದ. ಪೋಸ್ಟುಮಿಯಸ್ ಆ ಬಟ್ಟೆಯನ್ನು ಎತ್ತಿ ಹಿಡಿದು ತೋರಿಸಿದರೆ ನಗು ಇನ್ನೂ ಜೋರಾಯಿತು. ಈಗ ನಗಿ, ಇದನ್ನು ನಿಮ್ಮ ರಕ್ತದಲ್ಲೇ ತೊಳೆಯುತ್ತೇನೆ ಎಂಬ ಅರ್ಥದ ಮಾತು ಹೇಳಿ ಅವನು ಹೊರಟನಂತೆ. ಮಾತುಗಳು ಆಮೇಲೆ ಕಟ್ಟಿದ್ದಿರಬಹುದು. ನನಗೆ ಮುಖ್ಯವಾಗಿ ಕಾಣುವುದು ಬೇರೆ. ಕೊರಿಂಥ್ ಸುಡುವ ಸುಮಾರು 136 ವರ್ಷ ಮೊದಲೇ ರೋಮಿನ ಒಬ್ಬ ಹಿರಿಯ ರಾಜಕಾರಣಿ, ಹರಕುಮುರುಕಾದರೂ ಸರಿ, ಗ್ರೀಕಿನಲ್ಲಿ ಭಾಷಣ ಮಾಡುವ ಧೈರ್ಯ ತೋರಿದ್ದ. ಟಾರೆಂಟಮ್ ಗ್ರೀಸಿನ ವಾಯವ್ಯದ ಎಪಿರಸ್‌ನ ರಾಜ ಪಿರ್ಹಸ್‌ನನ್ನು ಆನೆಗಳ ಸಮೇತ ಕರೆಸಿಕೊಂಡಿತು. ಆದರೂ ಕ್ರಿ.ಪೂ. 272ರಲ್ಲಿ ಶರಣಾಯಿತು.

ಗುಡ್ಡದ ಗಾಳಿ:
ಗುಮಾಸ್ತರೇ, ದಿನಾಂಕವನ್ನು ಹಿಂದಕ್ಕೆ ತಳ್ಳಿದರೆ ಹೊರೇಸ್ ಹೇಳಿದ್ದು ಸುಳ್ಳಾಗುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ. ಲ್ಯಾಟಿನ್ ಸಾಹಿತ್ಯ ಶುರುವಾಗುವುದೇ ಕ್ರಿ.ಪೂ. 240ರಲ್ಲಿ, ಲಿವಿಯಸ್ ಆಂಡ್ರೋನಿಕಸ್ ಗ್ರೀಕ್ ನಾಟಕವನ್ನು ಲ್ಯಾಟಿನ್ನಿಗೆ ತಂದಾಗ. ಅವನು ಟಾರೆಂಟಮ್ ಕಡೆಯವನು ಎಂದೇ ಪ್ರತೀತಿ. ಒಡಿಸ್ಸಿಯನ್ನು ಲ್ಯಾಟಿನ್ನಿಗೆ ತಂದವನೂ ಅವನೇ. ರೋಮಿನ ಮೊದಲ ಇತಿಹಾಸಕಾರ ಫೇಬಿಯಸ್ ಪಿಕ್ಟರ್ ತನ್ನ ಊರಿನ ಕಥೆಯನ್ನು ಬರೆದದ್ದು ಗ್ರೀಕಿನಲ್ಲಿ. ಗ್ರೀಕ್ ಕಂಚಿನ ಪ್ರತಿಮೆಗಳಲ್ಲಿ ಎಷ್ಟೋ ನಮಗೆ ಇಂದು ರೋಮನ್ನರ ಅಮೃತಶಿಲೆಯ ನಕಲುಗಳಿಂದಷ್ಟೇ ಗೊತ್ತು. ಸೈನ್ಯ, ರಸ್ತೆ, ಕಾನೂನು ರೋಮಿನದು, ಒಪ್ಪಿದೆ. ಮಿಕ್ಕದ್ದರಲ್ಲಿ ಅವರು ಸಾಲಗಾರರೇ. ಇದನ್ನು ಒಪ್ಪಿಕೊಳ್ಳಲು ಇಷ್ಟು ಸುತ್ತಿ ಬಳಸಿ ಮಾತೇಕೆ?

ಹಿತ್ತಲಮನೆ:
ಸಾಲಗಾರರು ಎಂದಿರಿ. ಸಾಲ ಕೊಡುವವನು ಮನಸ್ಸಿದ್ದು ಕೊಡುತ್ತಾನೆ. ಇಲ್ಲಿ ಕೊಟ್ಟವರು ಯಾರು, ಹೇಗೆ ಕೊಟ್ಟರು ಎಂಬುದನ್ನೂ ಸ್ವಲ್ಪ ನೋಡೋಣವೇ?

ಕ್ರಿ.ಪೂ. 168ರಲ್ಲಿ ಪಿಡ್ನಾ ಕದನದಲ್ಲಿ ಎಮಿಲಿಯಸ್ ಪೌಲಸ್ ಮ್ಯಾಸಿಡೋನಿಯದ ರಾಜ ಪರ್ಸಿಯಸ್‌ನನ್ನು ಸೋಲಿಸಿದ. ಪೌಲಸ್ ಸುಸಂಸ್ಕೃತ. ಗ್ರೀಸಿನಲ್ಲೆಲ್ಲ ತಿರುಗಿ ದೇವಾಲಯಗಳನ್ನು ಕಣ್ತುಂಬ ನೋಡಿದವನು. ಲೂಟಿಯಲ್ಲಿ ತನಗೆಂದು ಹೆಚ್ಚೇನೂ ಇಟ್ಟುಕೊಳ್ಳದೆ, ರಾಜನ ಗ್ರಂಥಭಂಡಾರವನ್ನು ಮಾತ್ರ ತನ್ನ ಮಕ್ಕಳಿಗೆ ಕೊಟ್ಟ. ಆ ಮಕ್ಕಳ ಸುತ್ತ ಗ್ರೀಕ್ ವ್ಯಾಕರಣಕಾರರು, ತತ್ತ್ವಜ್ಞಾನಿಗಳು, ಶಿಲ್ಪಿಗಳು, ಚಿತ್ರಕಾರರು, ಬೇಟೆ ಕಲಿಸುವವರು ಇದ್ದರು ಎಂದು ಪ್ಲುಟಾರ್ಕ್ ಬರೆಯುತ್ತಾನೆ. ಎಲ್ಲರೂ ಇಲ್ಲಿಗೆ ನಿಲ್ಲಿಸಿ ಮೆಚ್ಚಿಕೊಳ್ಳುತ್ತಾರೆ.

ಮುಂದಿನದನ್ನೂ ಓದಿ. ಮರುವರ್ಷ ಇದೇ ಪೌಲಸ್ ಸೆನೆಟ್ಟಿನ (ರೋಮಿನ ಹಿರಿಯರ ಆಡಳಿತ ಸಭೆ) ಆದೇಶದ ಮೇರೆಗೆ ಎಪಿರಸ್ ಮೂಲಕ ಹಿಂತಿರುಗಿದ. ಊರೂರಿನ ಹಿರಿಯರನ್ನು ಕರೆಸಿ ಮನೆ, ಗುಡಿಗಳಲ್ಲಿರುವ ಬೆಳ್ಳಿ ಬಂಗಾರವನ್ನು ತಂದೊಪ್ಪಿಸಲು ಹೇಳಿದ. ಅದನ್ನು ಪಡೆಯುವ ನೆಪದಲ್ಲಿ ಪ್ರತಿ ಊರಿಗೂ ಸೈನಿಕರನ್ನು ಕಳುಹಿಸಿದ. ಗೊತ್ತುಪಡಿಸಿದ ದಿನ, ಒಂದೇ ಹೊತ್ತಿಗೆ, ಎಲ್ಲ ಊರುಗಳ ಮೇಲೂ ಬಿದ್ದರು. ಪ್ರಾಚೀನರು ಕೊಡುವ ಲೆಕ್ಕ 70 ಊರುಗಳು, 1,50,000 ಗುಲಾಮರು. ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇದ್ದರೆ ಅರ್ಧಕ್ಕೆ ಇಳಿಸಿ, ಆಗಲೂ ಎದೆ ಝಲ್ಲೆನ್ನುತ್ತದೆ. ಕ್ರಿ.ಪೂ. 166ರಲ್ಲಿ ಡೆಲೋಸ್ ದ್ವೀಪವನ್ನು ಸುಂಕವಿಲ್ಲದ ಬಂದರನ್ನಾಗಿ ಮಾಡಿದ್ದೂ ರೋಮೇ. ದಿನಕ್ಕೆ ಹತ್ತಾರು ಸಾವಿರ ಗುಲಾಮರನ್ನು ಇಳಿಸಿಕೊಂಡು ಸಾಗಿಸಬಲ್ಲ ಮಾರುಕಟ್ಟೆ ಅದು ಎಂದು ಸ್ಟ್ರಾಬೋ ಹೇಳುತ್ತಾನೆ. ಇಟಲಿಯ ಶ್ರೀಮಂತರ ಮನೆಗಳಲ್ಲಿ ಮಕ್ಕಳಿಗೆ ಹೋಮರ್‌ನನ್ನು ಬಾಯಿಪಾಠ ಮಾಡಿಸಿದವರಲ್ಲಿ, ರೋಗಿಗೆ ಮದ್ದು ಅರೆದವರಲ್ಲಿ, ಲೆಕ್ಕ ಬರೆದವರಲ್ಲಿ ಎಷ್ಟೋ ಮಂದಿ ಹೀಗೆ ಬಂದವರು. 'ಸಾಂಸ್ಕೃತಿಕ ವಿನಿಮಯ' ಎಂದು ಬರೆಯುವಾಗ ನನಗೆ ಪ್ರತಿ ಸಲವೂ ಕೈ ತಡೆಯುತ್ತದೆ.

ತುಂಗೆಯ ದಡ:
ಮೇಡಂ, ಎಪಿರಸ್ ಬಗ್ಗೆ ನಾನು ಓದಿದ ಯಾವ ಪಠ್ಯದಲ್ಲೂ ಒಂದು ಸಾಲಿಲ್ಲ. ಪೌಲಸ್‌ನ ವಿಜಯೋತ್ಸವದ ವರ್ಣನೆ ಮಾತ್ರ ಇದೆ. ಮೂರು ದಿನದ ಮೆರವಣಿಗೆ, ಮೊದಲ ದಿನ ಪ್ರತಿಮೆ ಮತ್ತು ಚಿತ್ರಗಳನ್ನು ಹೊತ್ತ 250 ಬಂಡಿಗಳು.

ಸವಕಲು ನಾಣ್ಯ:
ನನಗೆ ತಿಳಿದಿರುವುದು ನಾಣ್ಯಗಳ ವಿಷಯ ಮಾತ್ರ, ಅದನ್ನೇ ಹೇಳುತ್ತೇನೆ. ಈ ಚರ್ಚೆಯನ್ನು ಮುಖಾಮುಖಿಯಾಗಿ ನೋಡಬೇಕೆಂದರೆ ಲೋಹದಲ್ಲಿ ನೋಡಬೇಕು.

ಪಕ್ಕದ ಗ್ರೀಕ್ ನಗರಗಳಲ್ಲಿ ಬೆಳ್ಳಿಯ ಚಂದದ ನಾಣ್ಯಗಳು ಓಡಾಡುತ್ತಿದ್ದ ಕಾಲದಲ್ಲಿ ರೋಮನ್ನರು ಕಂಚಿನ ಗಟ್ಟಿಗಳನ್ನು ತೂಗಿ ವ್ಯವಹಾರ ಮಾಡುತ್ತಿದ್ದರು. ಪಿರ್ಹಸ್‌ನ ಯುದ್ಧದ ಹೊತ್ತಿನ ಅಂಥ ಅಚ್ಚೊತ್ತಿದ ಗಟ್ಟಿಯೊಂದಿದೆ: ಅಂಗೈಗಿಂತ ದೊಡ್ಡದು, ಒಂದೂವರೆ ಕಿಲೋದ ಆಸುಪಾಸು ತೂಕ. ಒಂದು ಮುಖದಲ್ಲಿ ಆನೆ, ಇನ್ನೊಂದರಲ್ಲಿ ಹಂದಿ. ಹಂದಿಯ ಕಿರುಚಾಟಕ್ಕೆ ಪಿರ್ಹಸ್‌ನ ಆನೆಗಳು ಬೆದರಿ ಓಡಿದವು ಎಂಬ ಹಳೆಯ ಕಥೆಗೂ ಇದಕ್ಕೂ ಗಂಟು ಹಾಕುತ್ತಾರೆ. ರೋಮಿನ ಹೆಸರಿರುವ ಆರಂಭದ ಬೆಳ್ಳಿ ನಾಣ್ಯಗಳಾದರೋ ಗ್ರೀಕ್ ಮಾದರಿಯಲ್ಲಿ, ಗ್ರೀಕ್ ತೂಕದಲ್ಲಿ, ದಕ್ಷಿಣದ ಗ್ರೀಕರೊಡನೆ ವ್ಯವಹರಿಸಲೆಂದೇ ಮಾಡಿದಂತಿವೆ. ನೇಪಲ್ಸಿನಲ್ಲಿ ಅಚ್ಚಾದ ಒಂದು ಕಂಚಿನ ನಾಣ್ಯದ ಮೇಲೆ 'ರೋಮನ್ನರದು' ಎಂದು ಗ್ರೀಕ್ ಲಿಪಿಯಲ್ಲೇ ಇದೆ. ಕ್ರಿ.ಪೂ. 211ರ ಸುಮಾರಿಗೆ, ದಂಡೆತ್ತಿ ಬಂದ ಹ್ಯಾನಿಬಲ್ (ಉತ್ತರ ಆಫ್ರಿಕಾದ ಕಾರ್ತೇಜ್ ನಗರದ ಸೇನಾಪತಿ) ಇನ್ನೂ ಇಟಲಿಯಲ್ಲಿ ಇರುವಾಗಲೇ, ತಮ್ಮದೇ ಆದ ಡಿನೇರಿಯಸ್ ಎಂಬ ಬೆಳ್ಳಿ ನಾಣ್ಯ ತಂದರು. ಅಲ್ಲಿಂದ ಮುಂದೆ ಅವರ ನಾಣ್ಯಕ್ಕೆ ಗ್ರೀಕ್ ತೂಕದ ಹಂಗಿರಲಿಲ್ಲ.

ಇನ್ನೊಂದು ನಾಣ್ಯ ನನಗೆ ಅಚ್ಚುಮೆಚ್ಚು. ಫ್ಲಾಮಿನಿನಸ್ ಎಂಬ ಸೇನಾಪತಿ ಕ್ರಿ.ಪೂ. 196ರಲ್ಲಿ ಕೊರಿಂಥ್ ಬಳಿಯ ಇಸ್ತ್ಮಿಯನ್ ಕ್ರೀಡಾಕೂಟದಲ್ಲಿ ಗ್ರೀಕರಿಗೆ 'ಸ್ವಾತಂತ್ರ್ಯ' ಘೋಷಿಸಿದ. ಜನರ ಕೂಗಿಗೆ ಹಾರುತ್ತಿದ್ದ ಕಾಗೆಗಳು ನೆಲಕ್ಕುದುರಿದವಂತೆ. ಅವನ ಮುಖವಿರುವ ಚಿನ್ನದ ನಾಣ್ಯ ಗ್ರೀಸಿನಲ್ಲಿ ಅಚ್ಚಾಯಿತು. ಕೆದರಿದ ಕೂದಲು, ಎಳೆಗಡ್ಡ, ಥೇಟ್ ಮ್ಯಾಸಿಡೋನಿಯದ ಅರಸನ ಭಂಗಿ. ಹೆಸರು ಮಾತ್ರ ಲ್ಯಾಟಿನ್ನಿನಲ್ಲಿ. ರೋಮಿನ ಟಂಕಸಾಲೆಯಲ್ಲಿ ಬದುಕಿರುವ ಮನುಷ್ಯನ ಮುಖ ನಾಣ್ಯಕ್ಕೆ ಬಂದದ್ದು ಕ್ರಿ.ಪೂ. 44ರಲ್ಲಿ, ಸೀಸರ್‌ನದು. ಅವನ ಗತಿ ಏನಾಯಿತೆಂದು ಗೊತ್ತಲ್ಲ. ಗ್ರೀಸಿನಲ್ಲಿ ರಾಜನಂತೆ ಮೆರೆಯಬಹುದಿತ್ತು, ಊರಿಗೆ ಬಂದರೆ ಮತ್ತೆ ಸೆನೆಟ್ಟಿನ ಸದಸ್ಯನಷ್ಟೇ.

ಬಂದರು ಗುಮಾಸ್ತ:
ಸವಕಲು ನಾಣ್ಯದವರು ನಾನು ಹೇಳಬೇಕೆಂದಿದ್ದ ಕಡೆಗೇ ತಂದು ನಿಲ್ಲಿಸಿದರು. ಗುಡ್ಡದ ಗಾಳಿಯವರೇ, ರೋಮನ್ನರು ಪಡೆದರು ಎಂಬುದರಲ್ಲಿ ಜಗಳವಿಲ್ಲ. ಆದರೆ ರೋಮ್ ತನ್ನ ಬಾಗಿಲಲ್ಲಿ ಒಂದು ಸುಂಕದ ಕಟ್ಟೆ ಇಟ್ಟುಕೊಂಡಿತ್ತು. ಯಾವುದು ಒಳಗೆ ಬರಬೇಕು, ಎಷ್ಟು ಬರಬೇಕು, ಯಾವ ವೇಷದಲ್ಲಿ ಬರಬೇಕು ಎಂಬುದನ್ನು ಸೆನೆಟ್ ನಿರ್ಧರಿಸುತ್ತಿತ್ತು. ಸೆರೆಸಿಕ್ಕವರು ಹಾಗೆ ಮಾಡುವುದಿಲ್ಲ.

ಕ್ರಿ.ಪೂ. 204ರಲ್ಲಿ, ಹ್ಯಾನಿಬಲ್‌ನ ಭಯದಲ್ಲಿ, ಸಿಬಿಲೀನ್ ಗ್ರಂಥಗಳೆಂಬ ಭವಿಷ್ಯವಾಣಿಯ ಪುಸ್ತಕಗಳ ಸೂಚನೆಯಂತೆ ಏಷ್ಯಾ ಮೈನರ್‌ನಿಂದ ಮಹಾಮಾತೆ ಸಿಬಿಲಿಯನ್ನು ರೋಮಿಗೆ ತಂದರು. ದೇವಿ ಎಂದರೆ ಒಂದು ಕಪ್ಪು ಕಲ್ಲು. ಹಡಗಿನಲ್ಲಿ ತಂದು, ಗಣ್ಯರು ಎದುರುಗೊಂಡು, ಪ್ಯಾಲಟೈನ್ ಗುಡ್ಡದ ಮೇಲೆ, ನಗರದ ಎದೆಯಲ್ಲೇ, ಗುಡಿ ಕಟ್ಟಿದರು. ಆದರೆ ಅವಳ ಪೂಜಾರಿಗಳು ತಮ್ಮನ್ನು ತಾವೇ ಬೀಜ ಒಡೆದುಕೊಂಡವರು, ಡೋಲು ಬಡಿದು ಕುಣಿಯುವವರು. ರೋಮನ್ ಪೌರರು ಆ ಪೂಜಾರಿಗಳ ಸಾಲಿಗೆ ಸೇರುವಂತಿಲ್ಲ, ಆ ವೇಷದಲ್ಲಿ ಮೆರವಣಿಗೆ ಹೋಗುವಂತಿಲ್ಲ ಎಂದು ಕಟ್ಟು ಮಾಡಿದರು. ದೇವಿ ಬೇಕು, ದೇವಿಯ ಮೈದುಂಬುವಿಕೆ ಬೇಡ.

ಕ್ರಿ.ಪೂ. 186ರ ಬಾಕಸ್ ಪ್ರಕರಣ ಇನ್ನೂ ಸ್ಪಷ್ಟ. ಬಾಕಸ್ ಎಂದೂ ಕರೆಯುವ ಗ್ರೀಕ್ ದೇವರು ಡಯೊನೈಸಸ್‌ನ ರಾತ್ರಿ ಪೂಜೆಗಳು ಇಟಲಿಯಲ್ಲೆಲ್ಲ ಹಬ್ಬಿದ್ದವು. ಸೆನೆಟ್ ಹೌಹಾರಿತು. ಆಗಿನ ಆದೇಶದ ಕಂಚಿನ ಫಲಕವೊಂದು 1640ರಲ್ಲಿ ಕಲಾಬ್ರಿಯದ ತಿರಿಯೊಲೊದಲ್ಲಿ ಸಿಕ್ಕಿತು. ಈಗ ವಿಯೆನ್ನಾದ ವಸ್ತುಸಂಗ್ರಹಾಲಯದಲ್ಲಿದೆ. ಒಮ್ಮೆ ಅದರ ಷರತ್ತುಗಳನ್ನು ಓದಿ ನೋಡಿ, ಯಾವುದೋ ಸರ್ಕಾರಿ ಸುತ್ತೋಲೆ ಓದಿದಂತಿದೆ. ಗಂಡಸರು ಪೂಜಾರಿಯಾಗುವಂತಿಲ್ಲ. ಗುಂಪಿಗೆ ಸಾಮೂಹಿಕ ನಿಧಿ ಇರಕೂಡದು. ಗುಟ್ಟಾಗಿ ಪೂಜೆ ಮಾಡಕೂಡದು. ಯಾರಿಗಾದರೂ ಪೂಜೆ ಮಾಡಲೇಬೇಕು ಅನ್ನಿಸಿದರೆ ರೋಮಿಗೆ ಬಂದು ಅಧಿಕಾರಿಗೆ ಅರ್ಜಿ ಹಾಕಬೇಕು. ಕನಿಷ್ಠ 100 ಸದಸ್ಯರು ಹಾಜರಿರುವ ಸೆನೆಟ್ ಒಪ್ಪಬೇಕು. ಒಪ್ಪಿದರೂ ಸೇರಬಹುದಾದವರು ಐದೇ ಮಂದಿ, ಅದರಲ್ಲಿ ಗಂಡಸರು ಇಬ್ಬರನ್ನು ಮೀರಬಾರದು, ಹೆಂಗಸರು ಮೂವರನ್ನು ಮೀರಬಾರದು. ದೇವರನ್ನು ನಿಷೇಧಿಸಲಿಲ್ಲ ನೋಡಿ. ಭಯ ಇದ್ದದ್ದು ಸಂಘಟನೆಯ ಬಗ್ಗೆ.

ನಾಟಕವೂ ಅಷ್ಟೇ. ಪಾಂಪೆ ಎಂಬ ಸಾಮಾನ್ಯ ಪಟ್ಟಣದಲ್ಲಿ ಕ್ರಿ.ಪೂ. ಎರಡನೆಯ ಶತಮಾನದಲ್ಲೇ ಕಲ್ಲಿನ ರಂಗಮಂದಿರವಿತ್ತು. ರೋಮಿನಲ್ಲಿ? ಅದೇ ಶತಮಾನದ ನಡುವೆ ಕಟ್ಟಲು ತೊಡಗಿದ್ದನ್ನು ಸೆನೆಟ್ ಕೆಡವಿಸಿತು. ಕ್ರಿ.ಪೂ. 55ರಲ್ಲಿ ಪಾಂಪೆ ಮಹಾಶಯ (ಊರಲ್ಲ, ಸೇನಾಪತಿ) ಕಟ್ಟಿಸುವ ತನಕ ಮರದ ಅಟ್ಟಣೆ ಕಟ್ಟಿ, ಹಬ್ಬ ಮುಗಿದ ಮೇಲೆ ಬಿಚ್ಚುತ್ತಿದ್ದರು.

ಇನ್ನು ಮತ್ತೆ ಪೌಲಸ್. ಸೆರೆಸಿಕ್ಕ ಪರ್ಸಿಯಸ್‌ನ ಜೊತೆ ಅವನು ಗ್ರೀಕಿನಲ್ಲಿ ಮಾತನಾಡಿದ, ಸುಲಲಿತವಾಗಿ. ಆದರೆ ಮ್ಯಾಸಿಡೋನಿಯವನ್ನು ನಾಲ್ಕು ತುಂಡು ಮಾಡುವ ಸೆನೆಟ್ಟಿನ ತೀರ್ಮಾನವನ್ನು ಆಂಫಿಪೊಲಿಸ್‌ನಲ್ಲಿ ಸಾವಿರಾರು ಗ್ರೀಕರ ಮುಂದೆ ಸಾರುವಾಗ ಲ್ಯಾಟಿನ್ ಬಳಸಿದ. ಪಕ್ಕದಲ್ಲಿ ನಿಂತ ಆಕ್ಟೇವಿಯಸ್ ಎಂಬ ಅಧಿಕಾರಿ ಗ್ರೀಕಿಗೆ ಅನುವಾದಿಸಿದ. ಗ್ರೀಕ್ ಬಾರದೆ ಅಲ್ಲ, ಬೇಕೆಂದೇ. ಡೆಲ್ಫಿಯಲ್ಲಿ ಪರ್ಸಿಯಸ್ ತನ್ನ ಪ್ರತಿಮೆಗೆಂದು ಎತ್ತರದ ಕಂಬವೊಂದನ್ನು ನಿಲ್ಲಿಸುತ್ತಿದ್ದ. ಪೌಲಸ್ ಅದನ್ನು ಕೆಡವಲಿಲ್ಲ. ಅದರ ಮೇಲೆ ಕುದುರೆಯೇರಿದ ತನ್ನ ಪ್ರತಿಮೆಯನ್ನು ಕೂರಿಸಿದ, ಗ್ರೀಕ್ ಶಿಲ್ಪಿಗಳಿಂದ ಪಿಡ್ನಾ ಕದನದ ಉಬ್ಬುಚಿತ್ರ ಕೆತ್ತಿಸಿದ, ಕೆಳಗೆ ಒಂದೇ ಸಾಲು ಲ್ಯಾಟಿನ್ ಬರೆಸಿದ: ಸೇನಾಪತಿ ಲೂಸಿಯಸ್ ಎಮಿಲಿಯಸ್ ರಾಜ ಪರ್ಸಿಯಸ್ ಮತ್ತು ಮ್ಯಾಸಿಡೋನಿಯನ್ನರಿಂದ ಇದನ್ನು ವಶಪಡಿಸಿಕೊಂಡ. ಗ್ರೀಕ್ ಜಗತ್ತಿನ ಪರಮಪವಿತ್ರ ಸ್ಥಳದಲ್ಲಿ, ಗ್ರೀಕ್ ಕಲೆಯಲ್ಲಿ, ಲ್ಯಾಟಿನ್ ಮಾತು. ಹೊರೇಸ್‌ನ ಸಾಲಿಗಿಂತ ಈ ಕಂಬವೇ ನನಗೆ ಹೆಚ್ಚು ನಂಬಿಕೆಯ ಸಾಕ್ಷಿ.

ಗುಡ್ಡದ ಗಾಳಿ:
ಕಂಬದ ಮಾತು ಚೆನ್ನಾಗಿದೆ. ಆದರೆ ನಿಮ್ಮ ಸುಂಕದವನ ಕಣ್ಣು ತಪ್ಪಿಸಿ ಎಷ್ಟು ಸರಕು ಒಳಗೆ ಹೋಗಿತ್ತು ಎಂಬುದಕ್ಕೆ ಗ್ರೀಕರನ್ನು ಬೈಯುತ್ತಿದ್ದ ಸೆನೆಟ್ ಸದಸ್ಯ ಕೇಟೋ ಒಬ್ಬನೇ ಸಾಕು.

ಕ್ರಿ.ಪೂ. 155ರಲ್ಲಿ ಅಥೆನ್ಸ್ ತನ್ನ ಮೇಲೆ ಬಿದ್ದ ದಂಡವನ್ನು ತಗ್ಗಿಸಿಕೊಳ್ಳಲು ಮೂವರು ತತ್ತ್ವಜ್ಞಾನಿಗಳನ್ನು ರೋಮಿಗೆ ಕಳುಹಿಸಿತು. ಅವರಲ್ಲಿ ಕಾರ್ನಿಯಡೀಸ್ ಒಂದು ದಿನ ನ್ಯಾಯದ ಪರವಾಗಿ, ಮರುದಿನ ಅದರ ವಿರುದ್ಧವಾಗಿ, ಅಷ್ಟೇ ಸಮರ್ಥವಾಗಿ ವಾದಿಸಿದ. ಯುವಕರು ಮುಗಿಬಿದ್ದರು. ಕೇಟೋ ಗಾಬರಿಯಿಂದ, ಇವರ ಕೆಲಸ ಬೇಗ ಮುಗಿಸಿ ಊರಿಗೆ ಸಾಗಹಾಕಿ ಎಂದ. ಗ್ರೀಕ್ ವೈದ್ಯರ ಹತ್ತಿರ ಸುಳಿಯಬೇಡ ಎಂದು ಮಗನಿಗೆ ಬರೆದವನು ಇವನೇ. ಸರಿ, ಇದು ನಿಮ್ಮ ಕಟ್ಟೆ.

ಐದು ವರ್ಷದ ನಂತರ ಏನಾಯಿತು ನೋಡಿ. ಪಿಡ್ನಾದ ಬಳಿಕ ದಕ್ಷಿಣ ಗ್ರೀಸಿನ ಅಕೀಯದಿಂದ ಒತ್ತೆಯಾಳುಗಳಾಗಿ ತಂದಿದ್ದ 1,000 ಮಂದಿಯಲ್ಲಿ ಉಳಿದಿದ್ದವರು ಸುಮಾರು 300. ಅವರನ್ನು ಊರಿಗೆ ಬಿಡುವ ಚರ್ಚೆ ಸೆನೆಟ್ಟಿನಲ್ಲಿ ದಿನಗಟ್ಟಲೆ ಎಳೆದಾಗ ಕೇಟೋ ಎದ್ದು, ಈ ಮುದುಕರನ್ನು ಇಲ್ಲಿನವರು ಹೊರಬೇಕೋ ಅಲ್ಲಿನವರು ಹೊರಬೇಕೋ ಎಂದು ಚರ್ಚಿಸುವುದು ಬಿಟ್ಟು ನಮಗೆ ಬೇರೆ ಕೆಲಸವಿಲ್ಲವೇ ಎಂದನಂತೆ. ಬಿಡುಗಡೆಯಾಯಿತು. ಅವರಲ್ಲೊಬ್ಬ ಇತಿಹಾಸಕಾರ ಪೊಲಿಬಿಯಸ್. ಹಳೆಯ ಗೌರವ ಪದವಿಗಳನ್ನೂ ಕೊಡಿಸಿ ಎಂದು ಅವನು ಮತ್ತೆ ಕೇಳಹೊರಟಾಗ ಕೇಟೋ ನಕ್ಕು, ಸೈಕ್ಲೋಪ್ಸನ ಗುಹೆಯಿಂದ ತಪ್ಪಿಸಿಕೊಂಡ ಒಡಿಸ್ಯೂಸ್ ಟೋಪಿ ಮತ್ತು ಸೊಂಟಪಟ್ಟಿ ಮರೆತೆನೆಂದು ಮತ್ತೆ ಒಳಗೆ ಹೊಕ್ಕಂತಾಯಿತು ಎಂದ. ಗ್ರೀಕರನ್ನು ಬೈಯುವವನ ನಾಲಿಗೆಯ ತುದಿಯಲ್ಲಿ ಹೋಮರ್! ತಪಾಸಣೆ ಮಾಡುವವನೇ ಸರಕು ಹೊತ್ತಿದ್ದರೆ ಕಟ್ಟೆಯಿಂದೇನು ಪ್ರಯೋಜನ?

ಬಂದರು ಗುಮಾಸ್ತ:
ಒಡಿಸ್ಸಿ ಗೊತ್ತಿದ್ದೂ ತತ್ತ್ವಜ್ಞಾನಿಗಳನ್ನು ಹೊರಗಟ್ಟಿದ. ಗೊತ್ತಿಲ್ಲದವನು ಅಟ್ಟಿದ್ದರೆ ಅದು ಅಜ್ಞಾನ. ಗೊತ್ತಿದ್ದವನು ಅಟ್ಟಿದರೆ ಅದನ್ನೇ ನಾನು ಆಯ್ಕೆ ಎನ್ನುವುದು.

ಹಿತ್ತಲಮನೆ:
ಇಬ್ಬರೂ ಸೆನೆಟ್ಟಿನಿಂದ ಹೊರಗೆ ಬನ್ನಿ. ಟೆರೆನ್ಸ್ ಎಂಬ ನಾಟಕಕಾರನನ್ನು ತೆಗೆದುಕೊಳ್ಳಿ. ಪ್ರಾಚೀನ ಜೀವನಚರಿತ್ರೆಯ ಪ್ರಕಾರ ಆಫ್ರಿಕಾದಲ್ಲಿ ಹುಟ್ಟಿ ಗುಲಾಮನಾಗಿ ರೋಮಿಗೆ ಬಂದವನು. ಗ್ರೀಕ್ ನಾಟಕಕಾರ ಮೆನಾಂಡರ್‌ನ ಕಥೆಗಳನ್ನು ತಿಳಿಯಾದ ಲ್ಯಾಟಿನ್ನಿನಲ್ಲಿ ಬರೆದ. ಕ್ರಿ.ಪೂ. 160ರಲ್ಲಿ ಪೌಲಸ್ ಸತ್ತಾಗ ಅವನ ಉತ್ತರಕ್ರಿಯೆಯ ಆಟೋಟಗಳಲ್ಲಿ ಆಡಿದ್ದು ಟೆರೆನ್ಸ್‌ನ ನಾಟಕ, ಮಕ್ಕಳನ್ನು ಬೆಳೆಸುವುದು ಹೇಗೆ ಎಂದು ಇಬ್ಬರು ಅಣ್ಣತಮ್ಮಂದಿರು ಜಗಳವಾಡುವ ಕಥೆ. ಎಪಿರಸ್‌ ಜನರನ್ನು ಗುಲಾಮಗಿರಿಗೆ ತಳ್ಳಿದವನ ಸಾವಿಗೆ, ಗುಲಾಮನಾಗಿದ್ದ ಆಫ್ರಿಕಾದವನು ಬರೆದ ಗ್ರೀಕ್ ಕಥೆ. ಇದನ್ನು ಗೆಲುವು ಎನ್ನುವುದೋ ಆಯ್ಕೆ ಎನ್ನುವುದೋ ನನಗೆ ತಿಳಿಯದು. ಆದರೆ ಲ್ಯಾಟಿನ್ ಸಾಹಿತ್ಯ ಕಟ್ಟಿದ ಕೈಗಳಲ್ಲಿ ರೋಮಿನಲ್ಲಿ ಹುಟ್ಟಿದವು ಎಷ್ಟು ಕಡಿಮೆ ಎಂಬುದನ್ನು ನೀವಿಬ್ಬರೂ ಮರೆಯುತ್ತಿದ್ದೀರಿ.

ತುಂಗೆಯ ದಡ:
ನನ್ನ ಮೂರನೆಯ ಪ್ರಶ್ನೆಗೆ ಯಾರೂ ಬರಲಿಲ್ಲ. ಗ್ರೀಕರಲ್ಲದವರಿಂದ ಪಡೆದದ್ದು?

ಸವಕಲು ನಾಣ್ಯ:
ಇಟಲಿಯ ಒಳಗಿನವರಿಂದಲೇ ಶುರು ಮಾಡಿ. ಬಲಿಪಶುವಿನ ಪಿತ್ತಜನಕಾಂಗ ನೋಡಿ ಶಕುನ ಹೇಳುವ ವಿದ್ಯೆಗೆ ರೋಮ್ ಕೊನೆಯವರೆಗೂ ಎಟ್ರಸ್ಕನ್ನರನ್ನು ನೆಚ್ಚಿತ್ತು. ಆದರೆ ಒಳಗಿನವರ ಕಥೆ ಪ್ರೀತಿಯದೇ ಅಲ್ಲ. ಪೌರತ್ವ ಕೊಡದೆ ಸತಾಯಿಸಿದಾಗ ಇಟಲಿಯ ಮಿತ್ರರೇ ಕ್ರಿ.ಪೂ. 91ರಲ್ಲಿ ತಿರುಗಿಬಿದ್ದರು. ಅವರು ಹೊರಡಿಸಿದ ಒಂದು ನಾಣ್ಯದಲ್ಲಿ ಗೂಳಿಯೊಂದು ತೋಳವನ್ನು ಕೊಂಬಿನಿಂದ ಇರಿಯುತ್ತಿದೆ. ಗೂಳಿ ಇಟಲಿ, ತೋಳ ರೋಮ್. ಬರಹ ಆ ಮಿತ್ರರಲ್ಲಿ ಹಲವರು ಆಡುತ್ತಿದ್ದ ಆಸ್ಕನ್ ಭಾಷೆಯಲ್ಲಿ. ನಾಣ್ಯದ ತೂಕ ಮಾತ್ರ ರೋಮಿನ ಡಿನೇರಿಯಸ್‌ನದೇ! ಯುದ್ಧದಲ್ಲಿ ರೋಮ್ ಗೆದ್ದಿತು, ಆದರೆ ಅವರು ಕೇಳಿದ ಪೌರತ್ವ ಕೊಟ್ಟ ಮೇಲೆ. ಆಸ್ಕನ್ ಭಾಷೆ ಮುಂದೆ ಹೆಚ್ಚು ಕಾಲ ಬಾಳಲಿಲ್ಲ.

ಬಂದರು ಗುಮಾಸ್ತ:
ಕಾರ್ತೇಜ್ ಬಗ್ಗೆ ನಾನು ಹೇಳುತ್ತೇನೆ, ನನ್ನ ಹೆಸರಿಗೆ ಅದು ಒಪ್ಪುತ್ತದೆ. ರೋಮ್ ಮತ್ತು ಕಾರ್ತೇಜ್ ನಡುವಿನ ಮೊದಲ ಪ್ಯೂನಿಕ್ ಯುದ್ಧ ಕ್ರಿ.ಪೂ. 264ರಲ್ಲಿ ಶುರುವಾದಾಗ ರೋಮಿಗೆ ಹೇಳಿಕೊಳ್ಳುವಂಥ ಯುದ್ಧನೌಕಾಪಡೆ ಇರಲಿಲ್ಲ. ದಡಕ್ಕೆ ಸಿಕ್ಕಿಕೊಂಡ ಕಾರ್ತೇಜಿನ ಹಡಗೊಂದನ್ನು ಹಿಡಿದು, ಅದನ್ನೇ ಮಾದರಿಯಾಗಿಟ್ಟುಕೊಂಡು 100 ದೊಡ್ಡ ಹಡಗು ಕಟ್ಟಿದರು ಎನ್ನುತ್ತಾನೆ ಪೊಲಿಬಿಯಸ್. ಹಡಗು ಸಿದ್ಧವಾಗುವ ಮುನ್ನ ಹುಟ್ಟುಗಾರರನ್ನು ದಡದ ಮೇಲೆ ಹಲಗೆಗಳಲ್ಲಿ ಸಾಲಾಗಿ ಕೂರಿಸಿ, ತಾಳಕ್ಕೆ ಸರಿಯಾಗಿ ಗಾಳಿಯಲ್ಲಿ ಹುಟ್ಟು ಹಾಕಿಸಿದರು. ಕ್ರಿ.ಪೂ. 260ರಲ್ಲಿ ಮೈಲೆ ಕದನ ಗೆದ್ದರು. ಇದು ಕಟ್ಟುಕಥೆ ಎಂದು ಮೂಗು ಮುರಿಯುತ್ತಿದ್ದವರಿಗೆ ಸಿಸಿಲಿಯ ಮಾರ್ಸಾಲಾ ಬಳಿ ಸಿಕ್ಕ ಕಾರ್ತೇಜಿನ ಹಡಗಿನ ಅವಶೇಷ ಒಂದಿಷ್ಟು ಉತ್ತರ ಕೊಟ್ಟಿತು. ಅದರ ಹಲಗೆಗಳ ಮೇಲೆ ಯಾವ ತುಂಡು ಎಲ್ಲಿ ಕೂರಬೇಕೆಂದು ಬಡಗಿಗಳು ಬರೆದ ಅಕ್ಷರದ ಗುರುತುಗಳಿವೆ. ಬಿಡಿಭಾಗ ಮಾಡಿ ಜೋಡಿಸುವ ಪದ್ಧತಿ. ಅಂಥ ಹಡಗು ಕೈಗೆ ಸಿಕ್ಕರೆ ನಕಲು ಮಾಡುವುದು ಅಸಾಧ್ಯವೇನಲ್ಲ.

ಕ್ರಿ.ಪೂ. 146ರಲ್ಲಿ ಕಾರ್ತೇಜನ್ನು ನೆಲಸಮ ಮಾಡಿದಾಗ ಅಲ್ಲಿನ ಪುಸ್ತಕಗಳನ್ನು ಸೆನೆಟ್ ಆಫ್ರಿಕಾದ ಸಣ್ಣ ಅರಸರಿಗೆ ಹಂಚಿಬಿಟ್ಟಿತು. ಉಳಿಸಿಕೊಂಡದ್ದು ಒಂದೇ: ಮಾಗೊ ಎಂಬವನು ಬರೆದ ಬೇಸಾಯದ 28 ಸಂಪುಟಗಳು. ಪ್ಯೂನಿಕ್ ಭಾಷೆ ಬಲ್ಲವರನ್ನು ಕೂರಿಸಿ ಲ್ಯಾಟಿನ್ನಿಗೆ ಅನುವಾದ ಮಾಡಿಸಿತು. ಕಾವ್ಯ, ಪುರಾಣ, ಇತಿಹಾಸ ಏನಿತ್ತೋ ಹೋಯಿತು. ದ್ರಾಕ್ಷಿ ಬಳ್ಳಿ ಹೇಗೆ ನೆಡಬೇಕು, ಎತ್ತು ಕೊಳ್ಳುವಾಗ ಏನು ನೋಡಬೇಕು ಎಂಬುದು ಉಳಿಯಿತು. ಸುಂಕದ ಕಟ್ಟೆ ಎಂದು ನಾನು ಹೇಳಿದ್ದು ಇದನ್ನೇ.

ಉಳಿದಂತೆ ಕಾಲಾಳುಗಳ ಕತ್ತಿ ಸ್ಪೇನಿನವರದು, ಉಂಗುರ ಹೆಣೆದ ಕವಚ ಗಾಲ್ ಜನರದು. ಬೇರೆಯವರಲ್ಲಿ ಉತ್ತಮವಾದದ್ದು ಕಂಡರೆ ತಟ್ಟನೆ ತಮ್ಮದಾಗಿಸಿಕೊಳ್ಳುವುದರಲ್ಲಿ ರೋಮನ್ನರನ್ನು ಮೀರಿಸಿದವರಿಲ್ಲ ಎಂದು ಪೊಲಿಬಿಯಸ್ ಮೆಚ್ಚಿಕೊಳ್ಳುತ್ತಾನೆ.

ಗುಡ್ಡದ ಗಾಳಿ:
ಇಷ್ಟು ಹೊತ್ತಾದರೂ ಕನ್ನಡಿಗರ ಚರ್ಚೆಯಲ್ಲಿ ಆಕ್ಸಿರಿಂಕಸ್ ಪ್ರಹಸನ ಬರಲಿಲ್ಲವಲ್ಲ ಎಂದು ಆಶ್ಚರ್ಯಪಡುತ್ತಿದ್ದೆ. ನಾನೇ ತರುತ್ತೇನೆ.

ಬಂದರು ಗುಮಾಸ್ತ:
ತನ್ನಿ, ಆದರೆ ಅದರಲ್ಲಿರುವುದು ಕನ್ನಡವೇ ಎಂಬ ಜಗಳ ಇಲ್ಲಿ ಬೇಡ. ಈಜಿಪ್ಟಿನ ಕಸದ ದಿಬ್ಬದಲ್ಲಿ ಸಿಕ್ಕ ಆ ಪಪೈರಸ್ 1903ರಲ್ಲಿ ಅಚ್ಚಾಯಿತು. ಮರುವರ್ಷವೇ ಜರ್ಮನ್ ವಿದ್ವಾಂಸ ಹುಲ್ಟ್ಜ್ ಅದರ ಕೆಲವು ಮಾತುಗಳು ಕನ್ನಡ ಇರಬಹುದೆಂದರು. ಒಪ್ಪುವವರೂ ಇದ್ದಾರೆ, ಬರೀ ಬಡಬಡಿಕೆ ಎನ್ನುವವರೂ ಇದ್ದಾರೆ. ಈ ಚರ್ಚೆಗೆ ಬೇಕಾದದ್ದು ಇಷ್ಟೇ: ಈಜಿಪ್ಟ್ ರೋಮಿನ ವಶವಾದದ್ದು ಕ್ರಿ.ಪೂ. 30ರಲ್ಲಿ. ಪಪೈರಸ್ ಕ್ರಿ.ಶ. ಎರಡನೆಯ ಶತಮಾನದ್ದು. ರೋಮನ್ ಆಳ್ವಿಕೆ ಶತಮಾನ ದಾಟಿದ ಮೇಲೂ ಅಲ್ಲಿನ ಜನ ನಗಲು ಬರೆದುಕೊಂಡ ನಾಟಕ ಗ್ರೀಕಿನಲ್ಲಿದೆ, ಲ್ಯಾಟಿನ್ನಿನಲ್ಲಿ ಇಲ್ಲ. ಪೂರ್ವದಲ್ಲಿ ರೋಮ್ ತನ್ನ ಭಾಷೆಯನ್ನು ಹೇರಲು ಹೋಗಲೇ ಇಲ್ಲ. ತೆರಿಗೆ ರಸೀದಿಗಳೂ ಗ್ರೀಕಿನಲ್ಲೇ ಇವೆ.

ಸವಕಲು ನಾಣ್ಯ:
ಲ್ಯಾಟಿನ್ ಅಕ್ಷರ ನಮ್ಮ ನಾಡಿಗೆ ಬಂದದ್ದು ನಾಣ್ಯಗಳ ಮೇಲೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯ ಸಿಕ್ಕಿದೆ. ಅದರ ಮೇಲಿನ ಬರಹವನ್ನು ಅಂದು ಅಲ್ಲಿ ಯಾರೂ ಓದಿರಲಾರರು, ಬೆಳ್ಳಿಯನ್ನು ತೂಗಿಕೊಂಡಿರುತ್ತಾರೆ.

ತುಂಗೆಯ ದಡ:
ಕೊನೆಯದೊಂದು. ಇಲ್ಲಿಯವರೆಗೂ ಸರಕು ರೋಮಿನ ಕಡೆಗೇ ಹರಿಯಿತು. ಗ್ರೀಕರು ರೋಮಿನಿಂದ ಏನನ್ನಾದರೂ ಕಲಿತರೇ?

ಹಿತ್ತಲಮನೆ:
ಕಲಿಯಲು ನೋಡಿದವರಿದ್ದಾರೆ. ಮ್ಯಾಸಿಡೋನಿಯದ ಐದನೆಯ ಫಿಲಿಪ್ (ಪರ್ಸಿಯಸ್‌ನ ಅಪ್ಪ) ಲಾರಿಸಾ ನಗರಕ್ಕೆ ಬರೆದ ಪತ್ರ ಕಲ್ಲಿನಲ್ಲಿ ಕೆತ್ತಿ ಉಳಿದಿದೆ. ಯುದ್ಧಗಳಿಂದ ನಗರದ ಜನಸಂಖ್ಯೆ ಇಳಿದಿತ್ತು. ಅಲ್ಲಿ ನೆಲೆಸಿದ ಹೊರಗಿನವರಿಗೂ ಪೌರತ್ವ ಕೊಡಿ ಎಂದು ರಾಜ ಒತ್ತಾಯಿಸುತ್ತಾನೆ. ಉದಾಹರಣೆ ಯಾರದು? ರೋಮಿನದು. ರೋಮನ್ನರು ಗುಲಾಮರನ್ನು ಬಿಡುಗಡೆ ಮಾಡಿದರೆ ಅವರನ್ನೂ ಪೌರರನ್ನಾಗಿ ಸೇರಿಸಿಕೊಳ್ಳುತ್ತಾರೆ, ಹೀಗೆ ಬೆಳೆದೇ ಸುಮಾರು 70 ಕಡೆ ವಸಾಹತು ಹೂಡಿದ್ದಾರೆ ಎಂದು ಬರೆಯುತ್ತಾನೆ. ವಸಾಹತುಗಳ ಲೆಕ್ಕವನ್ನು ಉಬ್ಬಿಸಿದ್ದಾನೆ. ಆದರೆ ರೋಮಿನ ಬಲ ಎಲ್ಲಿದೆ ಎಂಬುದನ್ನು ಸರಿಯಾಗಿ ಹಿಡಿದ. ಅಥೆನ್ಸ್ ತನ್ನ ಪೌರತ್ವವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿತ್ತು. ಲಾರಿಸಾದವರೂ ಒಮ್ಮೆ ಹೊಸಬರ ಹೆಸರು ಕೆತ್ತಿ, ರಾಜನ ಗಮನ ಬೇರೆಡೆ ಹೋದ ಕೂಡಲೇ ಅಳಿಸಿಹಾಕಿದರು. ಅದಕ್ಕೇ ಎರಡನೆಯ ಪತ್ರ ಬರೆಯಬೇಕಾಯಿತು.

ಗುಡ್ಡದ ಗಾಳಿ:
ಅಂತಿಯೋಕಸ್‌ನನ್ನು ಬಿಡಬೇಡಿ! ಸಿರಿಯಾದ ನಾಲ್ಕನೆಯ ಅಂತಿಯೋಕಸ್ ಹರೆಯದಲ್ಲಿ ರೋಮಿನಲ್ಲಿ ಒತ್ತೆಯಾಳಾಗಿದ್ದವನು. ಕ್ರಿ.ಪೂ. 175ರಲ್ಲಿ ಸಿಂಹಾಸನ ಏರಿದ ಮೇಲೆ ರಾಜವೇಷ ಕಳಚಿ, ಟೋಗಾ ಹೊದ್ದು, ಪೇಟೆಯಲ್ಲಿ ಸಿಕ್ಕವರ ಕೈ ಹಿಡಿದು ನನಗೆ ಮತ ಕೊಡಿ ಎಂದು ಬೇಡುತ್ತಿದ್ದನಂತೆ. ಚುನಾವಣೆಯೇ ಇಲ್ಲದ ಊರಿನಲ್ಲಿ! ಆಯ್ಕೆಯಾದೆನೆಂದು ದಂತದ ಕುರ್ಚಿಯಲ್ಲಿ ಕುಳಿತು ಪೇಟೆಯ ತಕರಾರುಗಳನ್ನು ಗಂಭೀರವಾಗಿ ವಿಚಾರಿಸುತ್ತಿದ್ದ. ಜನ ಹುಚ್ಚನೆಂದರು. ಅವನು ಗ್ಲಾಡಿಯೇಟರ್ ಕಾಳಗವನ್ನೂ ತಂದ. ಮೊದಮೊದಲು ನೋಡುಗರು ಹೆದರಿ ನಡುಗಿದರು, ಆಮೇಲೆ ರೂಢಿಯಾಯಿತು ಎನ್ನುತ್ತಾನೆ ಲಿವಿ.

ಹಿತ್ತಲಮನೆ:
ಆ ರೂಢಿಯೇ ಗ್ರೀಕರು ರೋಮಿನಿಂದ ಮನಸಾರೆ ಪಡೆದದ್ದು. ಕ್ರಿ.ಶ. ಒಂದನೆಯ ಶತಮಾನದ ಹೊತ್ತಿಗೆ ಅಥೆನ್ಸಿನವರು ಅಕ್ರೊಪೊಲಿಸ್ ಬುಡದ ಡಯೊನೈಸಸ್ ರಂಗಮಂದಿರದಲ್ಲೇ ಗ್ಲಾಡಿಯೇಟರ್ ಕಾಳಗ ನೋಡುತ್ತಿದ್ದರು. ಸೊಫೋಕ್ಲೀಸ್‌ನ ನಾಟಕಗಳು ಆಡಿದ ಜಾಗ ಅದು. ಪ್ರಧಾನ ಪೂಜಾರಿ ಕೂರುವ ಆಸನಗಳ ನಡುವೆಯೇ ಮನುಷ್ಯರನ್ನು ಕಡಿಯುತ್ತಾರೆ, ಆಕ್ಷೇಪಿಸಿದ ತತ್ತ್ವಜ್ಞಾನಿಗೆ ಊರಲ್ಲಿ ಉಳಿಗಾಲವಾಗಲಿಲ್ಲ ಎಂದು ಡಿಯೊ ಕ್ರಿಸೊಸ್ಟಮ್ ಎಂಬ ಗ್ರೀಕ್ ವಾಗ್ಮಿ ಕಿಡಿಕಾರಿದ. ಮುಂದಿನ ಸಾಲಿನ ಆಸನಗಳಿಗೂ ಆಡುವ ಅಂಗಳಕ್ಕೂ ನಡುವೆ ಎಬ್ಬಿಸಿದ ಅಮೃತಶಿಲೆಯ ತಡೆಗೋಡೆ ಇಂದಿಗೂ ಅಲ್ಲಿದೆ. ಅಥೆನ್ಸಿಗೆ ಹೋದವರು ಅದರ ಪಕ್ಕದಲ್ಲೇ ನಿಂತು ಚಿತ್ರ ತೆಗೆಸಿಕೊಂಡು ಬರುತ್ತಾರೆ.

ಗುಡ್ಡದ ಗಾಳಿ:
ಒಬ್ಬ ತತ್ತ್ವಜ್ಞಾನಿಯಾದರೂ ಆಕ್ಷೇಪಿಸಿದನಲ್ಲ ಮೇಡಂ. ಅದನ್ನು ಗ್ರೀಕರ ಖಾತೆಗೆ ಜಮಾ ಮಾಡಿ.

ಹಿತ್ತಲಮನೆ:
ಮಾಡಿದೆ. ಓಡಿಸಿದ್ದನ್ನು ಖರ್ಚಿಗೆ ಬರೆದೆ.